ಮೊಮ್ಮಗಳ ಗುರಿ, ನನ್ನ ಚಾಳೀಸು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತ ಕೂತಿದ್ದೆವು, ನಾನೂ ನನ್ನ ಮೊಮ್ಮಗಳೂ. ಅವಳಿಗೆ ಒಂಬತ್ತನೇ ಕ್ಲಾಸು. ಶನಿವಾರ ಮಧ್ಯಾಹ್ನ ಕೆಜಿಎಫ್‌ನಿಂದ ಬಂಗಾರಪೇಟೆಗೆ ಬಂದು ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಅವಳನ್ನು ಕರೆತರುವುದು, ಮುಗಿಯುವವರೆಗೆ ಹೊರಗೆ ಪೇಪರ್ ಓದುತ್ತ ಕೂರುವುದು, ಆಮೇಲೆ ಪಾನಿಪುರಿ ಕೊಡಿಸಿ ಮನೆ ಮುಟ್ಟಿಸುವುದು ನನ್ನ ಡ್ಯೂಟಿ. ನಮ್ಮ ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣವಿಲ್ಲ. ನೋಡಿದರೆ ನಲ್ಲಿ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಆ ದಿನವೂ ಇಬ್ಬರೂ ಮೂಗು ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದೆವು.

"ಎದುರು ನಿಂತಿರೋದು ಯಾವ ಗಾಡಿ, ಬೋರ್ಡು ಓದೇ ಪುಟ್ಟಿ" ಅಂದೆ.

ಅವಳು ಬಲಗೈ ಮುಷ್ಟಿ ಕಟ್ಟಿ, ನಡುವೆ ಒಂದು ಸಣ್ಣ ತೂತು ಬಿಟ್ಟು, ಅದನ್ನು ಕಣ್ಣಿಗೆ ಒತ್ತಿಕೊಂಡು ನೋಡಿದಳು. ಬೋರ್ಡನ್ನು ಸರಿಯಾಗಿ ಓದಿ ಹೇಳಿದಳು.

"ಅದೇನೇ ಅದು, ದುರ್ಬೀನಾ?"

"ಹೀಗೆ ನೋಡಿದ್ರೆ ಚೆನ್ನಾಗಿ ಕಾಣ್ಸುತ್ತೆ ತಾತ."

"ಕೈ ತೆಗೆದ್ರೆ?"

ಉತ್ತರ ಬರಲಿಲ್ಲ. ಅವಳು ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಹಾಕುತ್ತ ಕೂತಳು. ನನಗೆ ಅರ್ಥವಾಯಿತು. ಅರ್ಥವಾಗುವುದಕ್ಕೆ ಕಾರಣವೂ ಇತ್ತು.

ನಾನು ಚಿನ್ನದ ಗಣಿಯಲ್ಲಿ ಇಪ್ಪತ್ತೈದು ವರ್ಷ ಸರ್ವೆ ವಿಭಾಗದಲ್ಲಿದ್ದವನು. 2001ರಲ್ಲಿ ಗಣಿ ಮುಚ್ಚುವವರೆಗೂ ನನ್ನ ಅನ್ನ ನೋಟದಿಂದಲೇ ಹುಟ್ಟುತ್ತಿತ್ತು. ನೆಲದಡಿಯ ಕತ್ತಲಲ್ಲಿ ಥಿಯೋಡೊಲೈಟ್ ಎಂಬ ದುರ್ಬೀನಿನಂಥ ಯಂತ್ರವನ್ನು ನಿಲ್ಲಿಸಿ, ದೂರದಲ್ಲಿ ತೂಗುಬಿಟ್ಟ ಗುಂಡಿನ ದಾರವನ್ನು ನೋಡಿ, ಸುರಂಗ ಯಾವ ದಿಕ್ಕಿಗೆ ಹೋಗಬೇಕೆಂದು ಅಳೆಯುವ ಕೆಲಸ. ಕಣ್ಣಿನ ಕಷ್ಟವನ್ನು ಜನ ಹೇಗೆ ಮುಚ್ಚಿಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಾನೇ ಮುಚ್ಚಿಟ್ಟಿದ್ದೆ.

ರೈಲು ಹೊರಟ ಮೇಲೆ ಅವಳೇ ಬಾಯಿಬಿಟ್ಟಳು. ಒಂದು ವರ್ಷದಿಂದ ಕ್ಲಾಸಿನ ಬೋರ್ಡು ಮಸುಕಾಗಿದೆ. ಪಕ್ಕದವಳ ನೋಟ್ಸು ನೋಡಿ ಬರೆದುಕೊಳ್ಳುತ್ತಾಳೆ. ಹೇಳದಿರಲು ಕಾರಣ ರೈಫಲ್ಲು. ಅಭ್ಯಾಸಕ್ಕೆ ಬರುವ ದೊಡ್ಡ ಹುಡುಗನೊಬ್ಬ ಯಾವಾಗಲೋ ಅಂದಿದ್ದನಂತೆ, "ಕನ್ನಡಕ ಬಂದ್ರೆ ಮುಗೀತು, ಗುರಿ ಕೂರಲ್ಲ" ಅಂತ. ಎರಡು ತಿಂಗಳಲ್ಲಿ ತಂಡದ ಆಯ್ಕೆ ಇತ್ತು.

"ಅಪ್ಪನಿಗೆ ಹೇಳ್ಬೇಡ ತಾತ."

"ಮತ್ತೆ ಗುರಿ ಹೇಗೆ ಕಾಣುತ್ತೇ ನಿನಗೆ?"

"ಅದೇ ವಿಚಿತ್ರ. ಬೋರ್ಡು ಕಾಣಲ್ಲ, ಟಾರ್ಗೆಟ್ಟು ಕಾಣುತ್ತೆ."

ಇದರಲ್ಲಿ ವಿಚಿತ್ರವೇನೂ ಇಲ್ಲ. ಅವಳ ರೈಫಲ್ಲಿನ ಹಿಂದಿನ ಸೈಟಿನಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ತೂತಿದೆ. ಅದರೊಳಗಿಂದ ನೋಡಿದಾಗ ಬೆಳಕಿನ ಕಿರಣಗಳು ಕಣ್ಣಿನೊಳಗೆ ಅಗಲವಾಗಿ ಹರಡುವುದಿಲ್ಲ, ಮಸುಕು ಕಡಿಮೆಯಾಗುತ್ತದೆ. ಮುಷ್ಟಿಯ ತೂತು ಮಾಡಿದ್ದೂ ಅದನ್ನೇ. ಒಂದು ವರ್ಷ ಅವಳ ಗುಟ್ಟನ್ನು ಕಾಪಾಡಿದ್ದು ಆ ತೂತು! ಮಕ್ಕಳೇ, ಒಂದು ರಟ್ಟಿನ ಚೂರಿಗೆ ಗುಂಡುಸೂಜಿಯಿಂದ ತೂತು ಮಾಡಿ ದೂರದ ಅಕ್ಷರವನ್ನು ನೋಡಿ. ಬರಿಗಣ್ಣಿಗಿಂತ ತೂತಿನಲ್ಲಿ ಚೆನ್ನಾಗಿ ಕಂಡರೆ ನಿಮಗೂ ಕನ್ನಡಕ ಬೇಕಿರಬಹುದು. ಅವಳ ಹಾಗೆ ಗುಟ್ಟು ಮಾಡದೆ ಮನೆಯಲ್ಲಿ ಹೇಳಿ.

ನಾನು ಅವಳಿಗೆ ನನ್ನ ಕತೆ ಹೇಳಿದೆ. ನಲವತ್ತೆರಡನೇ ವಯಸ್ಸಿನಲ್ಲಿ ನನಗೆ ಚಾಳೀಸು ಬಂತು. ಯಂತ್ರದ ಸಣ್ಣ ಗೆರೆಗಳು ಒಂದರ ಮೇಲೊಂದು ಬಿದ್ದ ಹಾಗೆ ಕಾಣತೊಡಗಿದವು. ಹೇಳಿದರೆ ಈ ಕೆಲಸದಿಂದ ತೆಗೆದು ಬೇರೆಲ್ಲೋ ಹಾಕುತ್ತಾರೆಂಬ ಭಯ. ಕಣ್ಣು ಕಿರಿದು ಮಾಡಿ, ಅಂದಾಜಿನ ಮೇಲೆ ಓದುತ್ತಿದ್ದೆ. ಒಂದು ದಿನ ತಪ್ಪು ಅಂಕಿ ಬರೆಸಿದೆ. ನನ್ನ ಮೇಲಿನ ಹಿರಿಯರು ಮತ್ತೊಮ್ಮೆ ಅಳೆದಿದ್ದರಿಂದ ತಪ್ಪು ಅಲ್ಲೇ ಸಿಕ್ಕಿತು. ಸಿಗದಿದ್ದರೆ ಎದುರುಬದುರಿನಿಂದ ಕೊರೆಯುತ್ತಿದ್ದ ಎರಡು ಸುರಂಗಗಳು ಒಂದನ್ನೊಂದು ಸೇರದೆ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಆ ಹಿರಿಯರು ಬೈಯಲಿಲ್ಲ. "ನಾಳೆ ಕನ್ನಡಕ ಹಾಕ್ಕೊಂಡು ಬಾರಯ್ಯ" ಅಂದರು, ಅಷ್ಟೇ. ಮುಂದೆ ನಾಲ್ಕು ವರ್ಷ, ಗಣಿ ಮುಚ್ಚುವವರೆಗೂ, ಅದೇ ಕೆಲಸ ಮಾಡಿದೆ.

"ನಾನು ನಿಮ್ಮಪ್ಪನಿಗೆ ಹೇಳಲ್ಲ. ನೀನೇ ಹೇಳ್ಬೇಕು" ಅಂದೆ.

ನನ್ನ ಮಗ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು. ರಾತ್ರಿ ಒಂಬತ್ತಕ್ಕೆ ಮನೆ ಸೇರಿ ಊಟಕ್ಕೆ ಕೂತಾಗ ಅವಳು ಹೇಳಿದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಸೊಸೆ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. "ಗಣಿತದಲ್ಲಿ ಲೆಕ್ಕ ತಪ್ಪು ಇಳಿಸ್ಕೋತೀಯ ಅಂತ ಎಷ್ಟು ಬೈದೆನಲ್ಲೇ" ಅಂದಳು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಯಂತ್ರದಲ್ಲಿ ಗಲ್ಲ ಇಟ್ಟು ನೋಡಿ ಒಂದು ಚೀಟಿ ಬಂತು. ಅದೇ ಸಾಕೇನೋ ಅಂದುಕೊಂಡೆ. ಡಾಕ್ಟರು ಸಾಲದೆಂದರು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ಪರೀಕ್ಷೆ ಮಾಡುವಾಗ ಅದು ಬಿಗಿಹಿಡಿದರೆ ಇರುವುದಕ್ಕಿಂತ ಹೆಚ್ಚಿನ ಮೈನಸ್ ನಂಬರು ತೋರಿಸಿಬಿಡುತ್ತದೆ. ಅದಕ್ಕೇ ಹನಿ ಹಾಕಿ, ಸ್ನಾಯುವಿಗೆ ವಿಶ್ರಾಂತಿ ಕೊಟ್ಟು ಅಳೆಯಬೇಕು. ನಂಬರು ಅತಿಯಾದರೆ ಗುರಿ ಇಡುವವರಿಗೆ ಇನ್ನೂ ತೊಂದರೆ. ಹತ್ತಿರದ ಸೈಟನ್ನು ಹಿಡಿದಿಡಲು ಕಣ್ಣು ಹೊತ್ತುಹೊತ್ತಿಗೂ ದುಡಿದು ದಣಿಯುತ್ತದೆ. ಕೊನೆಗೆ ಬಂದ ನಂಬರು ಬಲಗಣ್ಣಿಗೆ ಮೈನಸ್ 1.25, ಎಡಗಣ್ಣಿಗೆ ಮೈನಸ್ 1.

ಈ ನಂಬರಿನ ಅರ್ಥ ಮಕ್ಕಳೂ ಲೆಕ್ಕ ಹಾಕಬಹುದು. 1ನ್ನು 1.25ರಿಂದ ಭಾಗಿಸಿ, 0.8 ಬರುತ್ತದೆ. ಅಂದರೆ ಕನ್ನಡಕವಿಲ್ಲದೆ ಅವಳ ಬಲಗಣ್ಣಿಗೆ 80 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟ. ಆಚೆಗೆಲ್ಲ ಮಂಜು. ರೈಫಲ್ಲಿನ ಮುಂದಿನ ಸೈಟು ಕಣ್ಣಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿದ್ದರೆ ಅದು ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. 10 ಮೀಟರ್ ದೂರದ ಗುರಿಯ ಕಪ್ಪು ವೃತ್ತ ಮಾತ್ರ ಅಂಚು ಕಳೆದುಕೊಳ್ಳುತ್ತದೆ.

ಆ ಗುರಿ ಎಷ್ಟು ದೊಡ್ಡದೆಂದು ಗೊತ್ತೆ? ಇಡೀ ಗುರಿಯ ಅಗಲ 45.5 ಮಿಲಿಮೀಟರ್, ಒಂದು ಸಣ್ಣ ಬಿಸ್ಕತ್ತಿನಷ್ಟು. ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗುರಿಯಲ್ಲಿ ಗುಂಡು ಸುಮಾರು 12 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತು ಹೋಗಿ ಆರಾಗುತ್ತದೆ.

ನಂಬರು ಸಿಕ್ಕಿತು. ಇನ್ನು ಕನ್ನಡಕದ ಅಂಗಡಿ. ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಮೊಮ್ಮಗಳು ಮೊದಲು ಆರಿಸಿದ್ದು ಸಿನಿಮಾದವರು ಹಾಕುವಂಥ ಅಡ್ಡಡ್ಡ, ಸಣ್ಣ ಫ್ರೇಮು. ಕನ್ನಡಿಯ ಮುಂದೆ ಚೆನ್ನಾಗಿಯೇ ಇತ್ತು. ನಾನು ನನ್ನ ಕೊಡೆಯನ್ನು ಅವಳ ಕೈಗೆ ಕೊಟ್ಟು, "ಈಗ ಗುರಿ ಇಡು" ಅಂದೆ.

ಅವಳು ನಾಚಿಕೊಂಡು ಸುತ್ತ ನೋಡಿದಳು. ಆಮೇಲೆ ಕಾಲು ಅಗಲಿಸಿ, ಕೊಡೆಯನ್ನು ಭುಜಕ್ಕಿಟ್ಟು, ಕೆನ್ನೆಯನ್ನು ಹಿಡಿಕೆಗೆ ಒರಗಿಸಿ, ಬಾಗಿಲಾಚೆಯ ಬೀದಿಗೆ ಗುರಿ ಇಟ್ಟಳು. ಬೀದಿಯಲ್ಲಿ ಹೂ ಮಾರುತ್ತಿದ್ದಾಕೆ ಬೆಚ್ಚಿ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಅಂಗಡಿಯವರಿಗೆ ನಗು ತಡೆಯಲಾಗಲಿಲ್ಲ. ಆದರೆ ವಿಷಯ ಮಾತ್ರ ಗೊತ್ತಾಯಿತು. ಕೆನ್ನೆ ಒರಗಿಸಿದಾಗ ತಲೆ ಮುಂದಕ್ಕೆ ಬಾಗುತ್ತದೆ. ಆಗ ಕಣ್ಣು ನೋಡುವುದು ಗಾಜಿನ ನಡುವಿನಿಂದಲ್ಲ, ಮೇಲ್ಭಾಗದ ಮೂಗಿನ ಕಡೆಯ ಮೂಲೆಯಿಂದ. ಆ ಸಣ್ಣ ಫ್ರೇಮಿನಲ್ಲಿ ಅವಳಿಗೆ ಕಂಡದ್ದು ಫ್ರೇಮಿನ ಅಂಚು ಮಾತ್ರ.

ಗಾಜಿನ ನಂಬರು ತನ್ನ ಕೆಲಸವನ್ನು ಸರಿಯಾಗಿ ಮಾಡುವುದು ನಾವು ಅದರ ನಡುವಿನಿಂದ ನೇರವಾಗಿ ನೋಡಿದಾಗ. ಓರೆಯಾಗಿ, ಮೂಲೆಯಿಂದ ನೋಡಿದರೆ ಚಿತ್ರ ಸ್ವಲ್ಪ ಜಾರುತ್ತದೆ, ಅಂಚು ಕೆಡುತ್ತದೆ. ಅದಕ್ಕಾಗಿಯೇ ದೊಡ್ಡ ಸ್ಪರ್ಧೆಗಳಲ್ಲಿ ಒಂದೇ ಗಾಜನ್ನು ಕಡ್ಡಿಗೆ ಸಿಕ್ಕಿಸಿ, ಬೇಕಾದ ಕಡೆಗೆ ತಿರುಗಿಸಿಕೊಳ್ಳುವ ವಿಶೇಷ ಫ್ರೇಮುಗಳನ್ನು ಹಾಕುತ್ತಾರೆ. ನನ್ನ ಪಿಂಚಣಿಗೆ ಅವು ಎಟಕುವಂಥವಲ್ಲ. ಕಲಿಯುವ ಮಕ್ಕಳಿಗೆ ಅವು ಬೇಕಾಗಿಯೂ ಇಲ್ಲ.

ಅಂಗಡಿಯವರು ಜಾಣರು. ಮೇಲಿನಿಂದ ಕೆಳಕ್ಕೆ ಎತ್ತರವಿರುವ ಫ್ರೇಮು ತೆಗೆದರು. ಮೂಗಿನ ಮೇಲೆ ಕೂರುವ ಎರಡು ಮೆತ್ತೆಗಳನ್ನು ಒತ್ತಿ ಕನ್ನಡಕ ಹುಬ್ಬಿನ ಕಡೆಗೆ ಸ್ವಲ್ಪ ಮೇಲೆ ಕೂರುವ ಹಾಗೆ ಮಾಡಿದರು. ಮತ್ತೆ ಕೊಡೆ ಹಿಡಿಸಿ, ಅವಳು ಗುರಿ ಇಟ್ಟಿದ್ದಾಗ ನಂಬರಿಲ್ಲದ ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ನೋಟ ಹಾಯುವ ಜಾಗಕ್ಕೆ ಚುಕ್ಕಿ ಇಟ್ಟರು. ಕನ್ನಡಕ ಕ್ಲಾಸಿಗೂ ಬೇಕಾದ್ದರಿಂದ ಗಾಜಿನ ನಡುವನ್ನು ಅಷ್ಟು ಮೂಲೆಗೆ ತರಲಾಗುವುದಿಲ್ಲ. ಆದರೂ ಚುಕ್ಕಿಗೂ ನಡುವಿಗೂ ಇರುವ ದೂರ ಅರ್ಧಕ್ಕರ್ಧ ಇಳಿಯಿತು. ಗಾಜು ಪಾಲಿಕಾರ್ಬೊನೇಟ್ ಇರಲಿ ಅಂದೆ. ಅದು ಸುಲಭವಾಗಿ ಒಡೆಯುವುದಿಲ್ಲ. ಗುಂಡಿನ ಚೂರು ಸಿಡಿದರೂ ಕಣ್ಣಿಗೆ ಕಾವಲು. ಬಣ್ಣದ ಗಾಜು ಬೇಡ. ಒಳಾಂಗಣದ ಬೆಳಕಿನಲ್ಲಿ ಅದರಿಂದ ಕತ್ತಲೆ ಹೆಚ್ಚುತ್ತದೆಯೇ ಹೊರತು ಗುರಿ ಹತ್ತಿರವಾಗುವುದಿಲ್ಲ.

ಇನ್ನೊಂದು ಕಣ್ಣಿನ ಮಾತು. ಮಕ್ಕಳು ಗುರಿ ಇಡುವಾಗ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚುತ್ತಾರೆ. ಮುಖದ ಸ್ನಾಯುಗಳೆಲ್ಲ ಬಿಗಿದು ಬಲಗಣ್ಣೂ ನಡುಗುತ್ತದೆ. ಹಾಗೆಂದು ಎಡಗಣ್ಣಿಗೆ ಕಪ್ಪು ಪಟ್ಟಿ ಕಟ್ಟಿದರೆ ಬೇರೆ ತೊಂದರೆ. ನಮ್ಮ ಎರಡು ಕಣ್ಣಿನ ಪಾಪೆಗಳು ಅವಳಿ ಮಕ್ಕಳ ಹಾಗೆ. ಒಂದಕ್ಕೆ ಕತ್ತಲಾದರೆ ಇನ್ನೊಂದೂ ಅಗಲವಾಗುತ್ತದೆ. ಆದ್ದರಿಂದ ಬೆಳಕು ಬಿಡುವ, ಆಕಾರ ಕಾಣಿಸದ ಬಿಳಿ ಟೇಪಿನ ಚೂರನ್ನು ಎಡಗಾಜಿಗೆ ಅಂಟಿಸಿ, ಎರಡೂ ಕಣ್ಣು ತೆರೆದೇ ಗುರಿ ಇಡುವುದು ಒಳ್ಳೆಯದು. ಸ್ಪರ್ಧೆಯಲ್ಲಿ ಇಂಥ ಮರೆ 30 ಮಿಲಿಮೀಟರಿಗಿಂತ ಅಗಲ ಇರಬಾರದು.

ಇಷ್ಟಾಗುವಾಗ ನನಗೂ ಒಂದು ಆಸೆ ಹುಟ್ಟಿತು. ನಮ್ಮ ಕೆಜಿಎಫ್‌ಗೆ ರೈಫಲ್ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕೋಲಾರ ಗೋಲ್ಡ್ ಫೀಲ್ಡ್ ರೈಫಲ್ ವಾಲಂಟಿಯರ್ಸ್ ಎಂಬ ಪಡೆಯೇ ಇತ್ತು. ಆದರೆ ನಾನು ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ. ಮುಂದಿನ ಶನಿವಾರ ತರಬೇತಿಯ ಮೇಷ್ಟ್ರನ್ನು ಕೇಳಿದೆ. ಅವರು ಪಿಸ್ತೂಲು ಕೈಗೆ ಕೊಟ್ಟು, ಪಕ್ಕದಲ್ಲೇ ನಿಂತರು.

ಕಂಡದ್ದೇನು? ನನ್ನದು ಬೈಫೋಕಲ್. ಮೇಲಿನ ಗಾಜಿನಿಂದ ನೋಡಿದರೆ ಗುರಿ ಸ್ಪಷ್ಟ, ಚಾಚಿದ ಕೈಯ ತುದಿಯ ಸೈಟು ಎರಡಾಗಿ ಕಾಣುತ್ತದೆ. ಕತ್ತು ಹಿಂದೆ ವಾಲಿಸಿ ಕೆಳಗಿನ ಗಾಜಿನಿಂದ ನೋಡಿದರೆ ಎರಡೂ ಮಸುಕು. ಅದು ಪೇಪರ್ ಓದುವ ದೂರಕ್ಕೆ, ಅಂದರೆ 40 ಸೆಂಟಿಮೀಟರಿಗೆ ಮಾಡಿದ ಗಾಜು. ಮೊಮ್ಮಗಳ ಎಳೆ ಕಣ್ಣು ದೂರದ ನಂಬರಿನ ಕನ್ನಡಕ ಹಾಕಿಕೊಂಡು ಹತ್ತಿರದ ಸೈಟಿಗೂ ತಾನೇ ಹೊಂದಿಕೊಳ್ಳುತ್ತದೆ. ನನ್ನ ಕಣ್ಣಿನ ಆ ತಿರುಪು ಎಂದೋ ತುಕ್ಕು ಹಿಡಿದಿದೆ.

ತಿರುಪು ಅಂದೊಡನೆ ಥಿಯೋಡೊಲೈಟ್ ನೆನಪಾಯಿತು. ಅದರಲ್ಲಿ ಎರಡು ತಿರುಪುಗಳಿದ್ದವು. ಒಂದನ್ನು ತಿರುಗಿಸಿ ಗಾಜಿನ ಮೇಲಿನ ಗೆರೆಗಳನ್ನು ಸ್ಪಷ್ಟ ಮಾಡಿಕೊಳ್ಳಬೇಕು, ಇನ್ನೊಂದರಿಂದ ದೂರದ ದಾರವನ್ನು. ಆಗ ಗೆರೆಯೂ ದಾರವೂ ಒಂದೇ ಹಾಳೆಯ ಮೇಲಿದ್ದ ಹಾಗೆ ಕಾಣುತ್ತಿದ್ದವು. ಪಿಸ್ತೂಲಿಗೆ ಅಂಥ ತಿರುಪಿಲ್ಲ. ಅದನ್ನು ಕನ್ನಡಕದಲ್ಲೇ ಇಡಬೇಕು.

ಲೆಕ್ಕ ಸುಲಭ. ಸೈಟು ಒಂದು ಮೀಟರ್ ದೂರದಲ್ಲಿದ್ದರೆ ಅದಕ್ಕೆ ಬೇಕಾದ ಪ್ಲಸ್ ನಂಬರು 1. ಗುರಿ 10 ಮೀಟರ್ ದೂರ, ಅದಕ್ಕೆ 0.1. ಎರಡರ ನಡುವೆ ಸುಮಾರು 0.5. ದೂರದ ನಂಬರಿಗೆ ಇಷ್ಟನ್ನು ಸೇರಿಸಿದರೆ ಸೈಟು ಸಾಕಷ್ಟು ಚೊಕ್ಕ, ಗುರಿ ತುಸು ಮಸುಕು. ಪಿಸ್ತೂಲಿನ ಸೈಟು ಇನ್ನೂ ಹತ್ತಿರವಾದ್ದರಿಂದ ಕೆಲವರಿಗೆ 0.75 ಹಿತವೆನಿಸಬಹುದು. ಎರಡೂ ಪೂರ್ತಿ ಸ್ಪಷ್ಟವಾಗುವುದು ನಮ್ಮ ವಯಸ್ಸಿನಲ್ಲಿ ಆಗದ ಮಾತು. ಆಗ ಬಿಟ್ಟುಕೊಡಬೇಕಾದ್ದು ಗುರಿಯನ್ನು, ಸೈಟನ್ನಲ್ಲ. ಮಸುಕಾದ ಉಂಡೆಯ ನಡುವನ್ನು ಕಣ್ಣು ಹುಡುಕಿಕೊಳ್ಳುತ್ತದೆ. ಸೈಟು ಓರೆಯಾದದ್ದು ಕಾಣದಿದ್ದರೆ ಮಾತ್ರ ಗುಂಡು ಎಲ್ಲೋ ಹೋಗುತ್ತದೆ. ಡಾಕ್ಟರ ಒಪ್ಪಿಗೆ ಪಡೆದು, ಹಳೆಯ ಫ್ರೇಮಿಗೇ ಒಂದೇ ನಂಬರಿನ ಸಾದಾ ಗಾಜು ಹಾಕಿಸಿಕೊಂಡೆ. ನನಗೆ ದೂರದ ನಂಬರಿಲ್ಲ, ಹಾಗಾಗಿ ಅದು ಪ್ಲಸ್ 0.5 ಅಷ್ಟೆ. ಬೈಫೋಕಲ್ಲೂ ಬೇಡ, ಪ್ರೋಗ್ರೆಸಿವ್ವೂ ಬೇಡ.

"ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂದು ಮನೆಯಾಕೆ ಕೇಳಿದಳು. ನಾನು ಚಂದ್ರೋ ತೋಮರ್ ಹೆಸರು ಹೇಳಿದೆ. ಉತ್ತರಪ್ರದೇಶದ ಜೋಹ್ರಿ ಹಳ್ಳಿಯ ಆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಶೂಟಿಂಗ್ ಕಲಿಯುವಲ್ಲಿಗೆ ಹೋದವರು, ಅರವತ್ತು ದಾಟಿದ ಮೇಲೆ ತಾವೇ ಪಿಸ್ತೂಲು ಹಿಡಿದು ಪದಕ ಗೆದ್ದರು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಅವರಿಗೆ 72 ವರ್ಷ. ಮೊಮ್ಮಗಳಿಗೆ ತೋರಿಸಿದ್ದು ಇನ್ನೊಬ್ಬರನ್ನು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡದ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದರಲ್ಲ, ಅದರಲ್ಲೇ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೆಚ್ ಅವರಿಗೆ 51 ವರ್ಷ. ಮುಖದ ಮೇಲೆ ಮಾಮೂಲಿ ಕನ್ನಡಕ, ಒಂದು ಕೈ ಜೇಬಿನಲ್ಲಿ. "ಕನ್ನಡಕದವರಿಗೆ ಗುರಿ ಕೂರಲ್ಲ ಅಂದನಲ್ಲ ನಿನ್ನ ಸ್ನೇಹಿತ, ಇವರನ್ನು ತೋರಿಸು" ಅಂದೆ.

ಕನ್ನಡಕ ಬಂದ ಕೂಡಲೇ ಎಲ್ಲ ಸರಿಹೋಯಿತೆಂದು ಹೇಳಲಾರೆ. ಮೊದಲ ಎರಡು ವಾರ ಅವಳ ಅಂಕ ಇಳಿಯಿತು. ಗುಂಡುಗಳು ಹೊಸ ಜಾಗದಲ್ಲಿ ಬೀಳತೊಡಗಿದವು. ಉಸಿರು ಬಿಟ್ಟಾಗ ಗಾಜಿಗೆ ಮಂಜು ಕೂರುತ್ತಿತ್ತು. ಒಂದು ಶನಿವಾರ ಕನ್ನಡಕವನ್ನು ಬ್ಯಾಗಿಗೆ ತುರುಕಿ ಅಳುತ್ತ ಹೊರಬಂದಳು. ಮೇಷ್ಟ್ರು ಸೈಟನ್ನು ಕೆಲವು ಸೂಕ್ಷ್ಮ ಹೆಜ್ಜೆ ತಿರುಗಿಸಿ, ಇದೇ ಕನ್ನಡಕದಲ್ಲೇ ಮುಂದುವರಿಯಬೇಕೆಂದು ಹೇಳಿದರು. ಮೂರನೇ ವಾರದಿಂದ ಗುಂಡುಗಳು ಒಂದರ ಪಕ್ಕ ಒಂದು ಗುಂಪು ಕೂರಲು ಶುರುವಾದವು.

ಆಯ್ಕೆಯಲ್ಲಿ ಅವಳು ಐದನೆಯವಳಾದಳು. ತಂಡಕ್ಕೆ ಬೇಕಾದ್ದು ನಾಲ್ವರು. ನನಗೆ ಬೇಜಾರಾಯಿತು, ಅವಳಿಗೆ ಅಷ್ಟಾಗಲಿಲ್ಲ. "ಮುಂದಿನ ವರ್ಷ ಇದೆಯಲ್ಲ ತಾತ" ಎಂದು ಪಾನಿಪುರಿ ಅಂಗಡಿ ಕಡೆಗೆ ಎಳೆದಳು. ಗಣಿತದ ಕಿರುಪರೀಕ್ಷೆಯಲ್ಲಿ ಈ ಸಲ ಒಂದು ಲೆಕ್ಕವೂ ತಪ್ಪು ಇಳಿಸಿಕೊಂಡಿರಲಿಲ್ಲ.

ಆ ಸಂಜೆ ರೈಲಿಳಿದು ಮನೆ ಕಡೆ ನಡೆಯುತ್ತಿದ್ದೆವು. ಸೈನೈಡ್ ದಿಬ್ಬಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಹಳೆಯ ಶಾಫ್ಟಿನ ಕಬ್ಬಿಣದ ಗೋಪುರ, ಅದರ ತುದಿಯ ಚಕ್ರ ಆಕಾಶದ ಮೇಲೆ ಕಪ್ಪಗೆ ನಿಂತಿದ್ದವು. ಅಂಥ ಚಕ್ರದ ಹಗ್ಗ ಹಿಡಿದೇ ನಾನು ಇಪ್ಪತ್ತೈದು ವರ್ಷ ಪಾತಾಳಕ್ಕೆ ಇಳಿದು ಹತ್ತಿದ್ದು. ಅವಳು ನಿಂತಳು.

"ತಾತ, ಆ ಚಕ್ರಕ್ಕೆ ಒಳಗೆ ಕಡ್ಡಿಗಳಿವೆಯಾ?"

"ಇವೆಯಲ್ಲೇ. ಯಾಕೆ?"

"ಇಷ್ಟು ದಿನ ತಟ್ಟೆ ಥರ ಒಂದೇ ಅಂದ್ಕೊಂಡಿದ್ದೆ."

ಅವಳು ನಿಂತಲ್ಲೇ ಕಡ್ಡಿಗಳನ್ನು ಎಣಿಸತೊಡಗಿದಳು. ನಾನು ನನ್ನ ಬೈಫೋಕಲ್ಲಿನ ಮೇಲಿನ ಗಾಜಿನಿಂದ ನೋಡುತ್ತ ಅವಳ ಜೊತೆಗೆ ಎಣಿಸಿದೆ.